ನಂಜುಂಡ ಕನ್ನಡಿ ಕೆರೆದ ಕಥೆ

ಪಾಳ್ಯದ ನಂಜುಂಡನಿಗೆ ಕನ್ನಡಿಯ ವಿಚಾರದಲ್ಲಿ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ, ಒಂದನ್ನು ಬಿಟ್ಟು. ಆ ಒಂದನ್ನೂ ಅವನು ಕಲಿತು ಬಂದಿದ್ದರೆ ಮೇಲಿನ ಕೇರಿಯ ಹೆಂಗಸರ ಬೊಟ್ಟು ಹುಬ್ಬಿನ ಮೇಲಕ್ಕೆ ಸರಿಯುತ್ತಿರಲಿಲ್ಲ, ಗಂಡಸರು ಕೆನ್ನೆ ಕೊಯ್ದುಕೊಳ್ಳುತ್ತಿರಲಿಲ್ಲ, ನನಗೂ ಹೇಳುವುದಕ್ಕೆ ಈ ಕಥೆ ಇರುತ್ತಿರಲಿಲ್ಲ. ಆದರೆ ಹಣೆಯಲ್ಲಿ ಬರೆದದ್ದನ್ನು ತಪ್ಪಿಸುವವರು ಯಾರು? ನಂಜುಂಡನ ಹಣೆಯಲ್ಲಂತೂ ಎಲ್ಲರಿಗೂ ಕಾಣುವ ಹಾಗೆಯೇ ಬರೆದುಹೋಯಿತು. ಅದನ್ನು ಆಮೇಲೆ ಹೇಳುತ್ತೇನೆ.

ತೊಂಬತ್ತೆಂಟನೇ ಇಸವಿ ಜನವರಿಯಲ್ಲಿ ಹಾಸನದಲ್ಲಿ ಒಂದು ಸ್ವಉದ್ಯೋಗ ತರಬೇತಿ ನಡೆಯಿತು. ಮೂರು ದಿನ, ಊಟ ತಿಂಡಿ ಪುಕ್ಕಟೆ. ಮೇಣದಬತ್ತಿ, ಊದುಬತ್ತಿ, ಕನ್ನಡಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಕಲಿಯಬಹುದು ಅಂದರು. ಎರಡು ಎಕರೆ ಗದ್ದೆ, ಒಂದಿಷ್ಟು ರಾಗಿ ಹೊಲ, ಬೇಲಿ ಅಂಚಿಗೆ ನಲವತ್ತು ಕಾಫಿ ಗಿಡ ಇದ್ದ ನಂಜುಂಡ, ಬತ್ತಿಗಳ ಮುಂದಿನ ಸಾಲು ಉದ್ದವಾಗಿದ್ದದ್ದರಿಂದ ಕನ್ನಡಿಯ ಸಾಲಿನಲ್ಲಿ ನಿಂತ. ಮೊದಲನೇ ದಿನ ಬೋಧಕರು ಕನ್ನಡಿಯ ಇತಿಹಾಸ ಹೇಳಿದರು. ಮನುಷ್ಯ ಮೊದಮೊದಲು ನಿಂತ ನೀರಿನಲ್ಲಿ ಮುಖ ನೋಡಿಕೊಂಡನಂತೆ. ಆಮೇಲೆ ಕರಿಕಲ್ಲನ್ನು ಉಜ್ಜಿ ಹೊಳಪು ಮಾಡಿ ಅದರಲ್ಲಿ ನೋಡಿಕೊಂಡ. ಆಮೇಲೆ ತಾಮ್ರ, ಕಂಚು. ಆಮೇಲೆ ವೆನಿಸ್ ಅನ್ನುವ ಊರಿನವರು ಗಾಜಿನ ಬೆನ್ನಿಗೆ ತವರ, ಪಾದರಸ ಹಚ್ಚಿ ಕನ್ನಡಿ ಮಾಡಿ, ಆ ಗುಟ್ಟನ್ನು ಬಹಳ ಕಾಲ ಯಾರಿಗೂ ಬಿಟ್ಟುಕೊಡಲಿಲ್ಲ. ಈಗಿನವರು ಗಾಜಿನ ಬೆನ್ನಿಗೆ ಬೆಳ್ಳಿಯ ನೀರು ಹುಯ್ದು ಕೂರಿಸಿ, ಅದರ ಮೇಲೆ ಬಣ್ಣ ಬಳಿಯುತ್ತಾರೆ. ಎರಡನೇ ದಿನ, ಹಳೇ ಕನ್ನಡಿಯ ಬಣ್ಣವನ್ನೂ ಬೆಳ್ಳಿಯನ್ನೂ ನೆನೆಸಿ, ಕೆರೆದು, ಗಾಜನ್ನು ತಿಳಿನೀರಿನ ಹಾಗೆ ಮಾಡುವುದನ್ನು ಕೈಹಿಡಿದು ಕಲಿಸಿದರು. ಹೊಸ ಬೆಳ್ಳಿ ಕೂರಿಸುವ ಪಾಠ ಮೂರನೇ ದಿನಕ್ಕೆ ಇತ್ತು.

ಮೂರನೇ ದಿನ ಆಲೂರಿನಲ್ಲಿ ನೆಂಟರ ಬೀಗರೂಟವೂ ಇತ್ತು. ಹಾಸನ ಜಿಲ್ಲೆಯಲ್ಲಿ ಹುಟ್ಟಿದವನ ಮುಂದೆ ಒಂದು ಕಡೆ ವಿದ್ಯೆಯನ್ನೂ ಇನ್ನೊಂದು ಕಡೆ ಕುರಿ ಬಾಡಿನ ಬೀಗರೂಟವನ್ನೂ ಇಟ್ಟು ಯಾವುದು ಬೇಕು ಅಂತ ಕೇಳುವುದೇ ತಪ್ಪು. ನಂಜುಂಡ ಬೆಳಗಿನ ಬಸ್ಸಿಗೆ ಆಲೂರಿಗೆ ಹೋದ, ಎರಡು ಪಂಕ್ತಿಯಲ್ಲಿ ಕೂತು ಉಂಡ, ಸಂಜೆಗೆ ಪಾಳ್ಯ ಸೇರಿದ. ಹದಿನೈದು ದಿನಕ್ಕೆ ಅಂಚೆಯಲ್ಲಿ ಸರ್ಟಿಫಿಕೇಟ್ ಬಂತು. 'ಕನ್ನಡಿ ತಯಾರಿಕೆಯಲ್ಲಿ ಸಂಪೂರ್ಣ ತರಬೇತಿ ಹೊಂದಿರುತ್ತಾರೆ' ಅಂತ ಅದರಲ್ಲಿ ಬರೆದಿತ್ತು, ಕೆಳಗೆ ಸೀಲು ಇತ್ತು. ಸರ್ಕಾರಿ ಸೀಲನ್ನು ಅನುಮಾನಿಸುವ ಜಾಯಮಾನ ನಂಜುಂಡನದಲ್ಲ. ಅದಕ್ಕೆ ಚೌಕಟ್ಟು ಕಟ್ಟಿಸಿ ದೇವರ ಪಟದ ಪಕ್ಕಕ್ಕೆ ನೇತುಹಾಕಿದ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಅಂತಾರಲ್ಲ, ಅದು ನಡೆದದ್ದು ಮೇ ತಿಂಗಳಲ್ಲಿ.

ನಂಜುಂಡನ ಹೆಂಡತಿ ದ್ರಾಕ್ಷಾಯಣಿಯ ತವರಿನಲ್ಲಿ ಒಂದು ಕಳಸಗನ್ನಡಿ ಇತ್ತು. ಬೀಟೆ ಮರದ ಚೌಕಟ್ಟು, ದಪ್ಪ ಗಾಜು, ಗಾಜಿನ ನಾಲ್ಕು ಮೂಲೆಗೂ ಕೊರೆದ ಮಲ್ಲಿಗೆ ಮೊಗ್ಗು. ಆ ಮನೆತನದ ಹೆಣ್ಣುಮಕ್ಕಳು ಧಾರೆಗೆ ಮುಂಚೆ, ಕಳಸ ಹಿಡಿದ ಹುಡುಗಿಯ ತಟ್ಟೆಯಲ್ಲಿರುವ ಈ ಕನ್ನಡಿಯಲ್ಲೇ ಮುಖ ನೋಡಿಕೊಂಡು ಮಂಟಪ ಹತ್ತಬೇಕು. ಅದನ್ನು ಮದುವೆಮನೆಗೆ ತರುವವಳು ಮದುಮಗಳ ಚಿಕ್ಕಮ್ಮ. ಅದನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ ದ್ರಾಕ್ಷಾಯಣಿಯ ಅಕ್ಕ ಸುಲೋಚನಮ್ಮ, ತನ್ನ ದೊಡ್ಡ ಮಗಳ ಮದುವೆಯಲ್ಲಿ ಏನೋ ಒಂದು ನೆಪ ಹೇಳಿ ಆ ಕನ್ನಡಿಯನ್ನು ತಂಗಿಯ ಮನೆಗೆ ಕಳಿಸಿರಲಿಲ್ಲ. ದ್ರಾಕ್ಷಾಯಣಿ ಆರು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಈಗ ಅಕ್ಕನ ಎರಡನೇ ಮಗಳು ಸೌಜನ್ಯಳ ಮದುವೆ ಗೊತ್ತಾದಾಗ ಅವರ ತಾಯಿ ಬೆಟ್ಟಮ್ಮನೇ ಬಾಯಿಬಿಟ್ಟು, "ಈ ಸಲ ಕನ್ನಡಿ ದ್ರಾಕ್ಷಾಯಣಿ ಮನೆಯಿಂದ್ಲೇ ಬರ್ಬೇಕು" ಅಂದಳು. ಎಂಬತ್ತು ದಾಟಿದ ತಾಯಿ ಹೇಳಿದ ಮೇಲೆ ಎದುರು ಮಾತಿಲ್ಲ. ಮದುವೆಗೆ ಆರು ದಿನ ಮುಂಚೆ, ಸೋಮವಾರ, ಸುಲೋಚನಮ್ಮನೂ ಅವಳ ಗಂಡ ಗುಂಡಯ್ಯನೂ ಕನ್ನಡಿ ತಗೊಂಡು ಪಾಳ್ಯಕ್ಕೆ ಬಂದರು.

ಗುಂಡಯ್ಯ ಬಿಸಿಲೆ ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಕೂಗಿ ಕೂಗಿ, ಮಾಮೂಲಿ ಮಾತನ್ನೂ ಹಾಜರಿ ಕೂಗಿದ ಹಾಗೆ ಆಡುವವನು. ನಂಜುಂಡನಿಗೆ ಷಡ್ಡಕ, ವಯಸ್ಸಿನಲ್ಲಿ ಹಿರಿಯ, ತಿವಿಯುವುದರಲ್ಲಿ ಇನ್ನೂ ಹಿರಿಯ.

ಸುಲೋಚನಮ್ಮ ಹಳೇ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದ ಕನ್ನಡಿಯನ್ನು ತಂಗಿಯ ಮಡಿಲಿಗೆ ಇಟ್ಟು, "ಜ್ವಾಪಾನ ಕಣೇ. ಯಾರ ಕೈಗಾದ್ರೂ ಕೊಡು, ನಿಮ್ಮನೆಯೋರ ಕೈಗೆ ಮಾತ್ರ ಕೊಡ್ಬ್ಯಾಡ" ಅಂದಳು. ನಿಮ್ಮನೆಯವರು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರು.

ಗುಂಡಯ್ಯ ಗೋಡೆಯ ಸರ್ಟಿಫಿಕೇಟನ್ನು ಓದಿದ. ಆಮೇಲೆ ಬಟ್ಟೆ ಬಿಚ್ಚಿ ಕನ್ನಡಿ ನೋಡಿದ. ಹಿಂದಿನ ಬೆಳ್ಳಿ ಅಲ್ಲಲ್ಲಿ ಕಿತ್ತು, ನೋಡಿದವರ ಮುಖಕ್ಕೆಲ್ಲ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು.

"ಏನ್ ನಂಜುಂಡಪ್ಪ, ಸಂಪೂರ್ಣ ತರಬೇತಿ ಅಂತ ಬರ್ದವ್ರೆ. ಅದು ಗೋಡೆಗೆ ಆಗಿದ್ದೋ, ನಿಮ್ಮ ಕೈಗೆ ಆಗಿದ್ದೋ?"

"ಕೈಗೇ ಅಣ್ಣ" ಅಂದ ನಂಜುಂಡ.

"ಹಂಗಾರೆ ಇದನ್ನ ರಿಪೇರಿ ಮಾಡೋಕೆ ಹೊರಗ್ನೋರು ಯಾಕೆ ಬೇಕು ಅಂತೀನಿ!" ಅಂದು ಗುಂಡಯ್ಯ ನಕ್ಕ. ತಮಾಷೆಗೆ ಅಂದ ಮಾತು. ಆದರೆ ನಂಜುಂಡನ ಕಿವಿಗೆ ತಮಾಷೆ ಅನ್ನುವುದು ಎಂದೂ ತಮಾಷೆಯಾಗಿ ಬಿದ್ದದ್ದೇ ಇಲ್ಲ.

ಮಾರನೇ ದಿನ ದ್ರಾಕ್ಷಾಯಣಿ ಗದ್ದೆಗೆ ಹೋದ ಮೇಲೆ ಅವನು ಕೆಲಸಕ್ಕೆ ಕೂತ. ನೇರವಾಗಿ ಕಳಸಗನ್ನಡಿಗೆ ಕೈಹಾಕುವಷ್ಟು ಅವಿವೇಕಿ ಅವನಲ್ಲ. ಮೊದಲು ಕೈ ಪಳಗಬೇಕು ಅಂತ ತಾನು ಗಡ್ಡ ಹೆರೆಯುವ ಕನ್ನಡಿಯನ್ನು ಕೆರೆದ. ಅದು ಅರ್ಧ ಗಂಟೆಯಲ್ಲಿ ಕಿಟಕಿಯ ಗಾಜಿನಂತಾಯಿತು. ಆಮೇಲೆ ದ್ರಾಕ್ಷಾಯಣಿಯ ಬೊಟ್ಟಿನ ಕನ್ನಡಿ ಕೆರೆದ. ಕೆರೆಯುವುದರಲ್ಲಿ ಒಂದು ಸುಖವಿದೆ ಅನ್ನುವುದನ್ನು ಹುಣ್ಣಿನ ಮೇಲಿನ ಹಕ್ಕಳೆ ಕಿತ್ತವರೆಲ್ಲ ಬಲ್ಲರು. ಪಕ್ಕದ ಮನೆಯ ದ್ಯಾವಯ್ಯ ಬೇಲಿ ಮೇಲಿಂದ ಬಗ್ಗಿ ನೋಡಿ, "ಏನ್ಲಾ ಅದು?" ಅಂದ.

"ಹೊಸಾ ಬೆಳ್ಳಿ ಕೂರಿಸ್ತಾ ಇವ್ನಿ ಕಣಣ್ಣ. ನೀನೂ ನಿಂದು ತಗಂಬಾ. ಮೊದ್ಲು ನೀರು, ಆಮೇಲೆ ಕಲ್ಲು, ಆಮೇಲೆ ಕಂಚು..." ಎಂದು ನಂಜುಂಡ ಇತಿಹಾಸ ಶುರುಮಾಡಿದ. ಇತಿಹಾಸ ಕೇಳುವುದಕ್ಕಿಂತ ಕನ್ನಡಿ ತಂದುಕೊಡುವುದು ಸುಲಭ ಅಂತ ದ್ಯಾವಯ್ಯ ತಂದುಕೊಟ್ಟ. ದ್ಯಾವಯ್ಯನದು ನೋಡಿ ಎದುರುಮನೆ ಇಂದ್ರಮ್ಮ ತಂದಳು. ಪುಕ್ಕಟೆ ಅನ್ನುವ ಸುದ್ದಿ ಪಾಳ್ಯದಲ್ಲಿ ಬಸ್ಸಿಗಿಂತ ಬೇಗ ಓಡುತ್ತದೆ. ಸಂಜೆಯೊಳಗೆ ಕೇರಿಯ ಹನ್ನೊಂದು ಮನೆಯ ಕನ್ನಡಿಗಳೂ ನಂಜುಂಡನ ಜಗುಲಿಯ ಮೇಲೆ ಸಾಲಾಗಿ, ಫಳಫಳ ತೊಳೆದ ಗಾಜಾಗಿ ಒರಗಿಕೊಂಡಿದ್ದವು. ಬುಧವಾರ ಬೆಳಗ್ಗೆ, ಹೆಂಡತಿ ಮತ್ತೆ ಗದ್ದೆಗೆ ಹೋದ ಮೇಲೆ, ಪಳಗಿದ ಕೈಯಿಂದ, ಅವನು ಕಳಸಗನ್ನಡಿಯನ್ನೂ ಕೆರೆದು ಮುಗಿಸಿದ. ಮುಗಿಸಿ, ಬೆನ್ನು ನೆಟ್ಟಗೆ ಮಾಡಿ, ಮುಂದೇನು ಅಂತ ನೆನಪು ಮಾಡಿಕೊಂಡ.

ನೆನಪಿಗೆ ಬಂದದ್ದು ಆಲೂರಿನ ಬೀಗರೂಟ. ಎಷ್ಟು ತಿಣುಕಿದರೂ ಬಾಡಿನ ಸಾರಿನ ಆಚೆಗೆ ನೆನಪು ಹೋಗಲಿಲ್ಲ.

ದ್ರಾಕ್ಷಾಯಣಿ ಗದ್ದೆಯಿಂದ ಬಂದು, ಕೈಕಾಲು ತೊಳೆದು, ಅಕ್ಕ ಕೊಟ್ಟ ಕನ್ನಡಿಯನ್ನು ಒಂದು ಸಲ ನೋಡೋಣ ಅಂತ ಬಟ್ಟೆ ಬಿಚ್ಚಿ ಮುಖದ ಮುಂದೆ ಹಿಡಿದಳು. ಎದುರಿಗೆ ನಂಜುಂಡ ನಿಂತಿದ್ದ.

"ಕನ್ನಡೀಲಿ ನನ್ನ ಮುಖ ಕಾಣ್ಬೇಕಲ್ರೀ. ನಿಮ್ಮ ಮುಖ ಯಾಕೆ ಕಾಣ್ತೈತೆ?"

"ಅದು ಅರ್ಧ ಕೆಲಸ ಆಗೈತೆ ಕಣೇ..."

"ಅರ್ಧ?"

"ತೆಗೆಯೋದು ಆಯ್ತು. ಹಾಕೋದು ಬಾಕಿ."

"ಹಾಕೋದು ಗೊತ್ತಾ ನಿಮ್ಗೆ?"

ನಂಜುಂಡ ಸರ್ಟಿಫಿಕೇಟಿನ ಕಡೆ ನೋಡಿದ. ದ್ರಾಕ್ಷಾಯಣಿ ಸರ್ಟಿಫಿಕೇಟಿನ ಕಡೆ ನೋಡಲಿಲ್ಲ. ಆರು ವರ್ಷ ಕಾದು ಸಿಕ್ಕ ಕನ್ನಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇಬಿಟ್ಟಳು. "ಅಕ್ಕ ನನ್ನ ಮುಂದೇನೇ ಹೇಳಿದ್ಲು, ನಿಮ್ಮನೆಯೋರ ಕೈಗೆ ಕೊಡ್ಬ್ಯಾಡ ಅಂತ. ನಾನು ಮನಸ್ನಲ್ಲಿ ಅವಳನ್ನ ಬೈಕಂಡೆ ಕಣ್ರೀ! ಭಾನ್ವಾರ ನಾನು ಯಾವ ಮುಖ ಇಟ್ಕಂಡು ಹೋಗ್ಲಿ?"

"ಆಲೂರಲ್ಲಿ ಹೊಸ ಕನ್ನಡಿ ಕೊಯ್ಸಿ ಹಾಕಿಸ್ಬೋದು..."

"ಮಲ್ಲಿಗೆ ಮೊಗ್ಗು? ಅದನ್ನ ನಿಮ್ಮ ಆಲೂರೋನು ಕೊರೀತಾನಾ? ಅಕ್ಕ ಕಣ್ಮುಚ್ಕಂಡು ಮುಟ್ಟಿದ್ರೂ ಕಂಡುಹಿಡೀತಾಳೆ."

ಇತ್ತ ಕೇರಿಯ ಗತಿ ನೋಡಿ. ಗುರುವಾರ ಬೆಳಗ್ಗೆ ಮೇಲಿನ ಕೇರಿಯಲ್ಲಿ ಒಂದೇ ಒಂದು ಕನ್ನಡಿ ಇರಲಿಲ್ಲ. ಹಾಲಿನ ಡೈರಿಯ ಗುರು ಸ್ಕೂಟರಿನಲ್ಲಿ ಬಂದು ನಿಲ್ಲಿಸಿದ್ದೇ ತಡ, ಎಡಗಡೆಯ ಕನ್ನಡಿಗೆ ಹೆಂಗಸರು, ಬಲಗಡೆಯ ಕನ್ನಡಿಗೆ ಗಂಡಸರು ಸಾಲು ನಿಂತರು. "ನಾನು ಹಾಲು ಅಳೀಲೋ, ನಿಮ್ಮ ಗಡ್ಡ ಕಾಯ್ಲೋ ಮಾರಾಯ್ರಾ!" ಅಂತ ಗುರು ಒಂಬತ್ತಕ್ಕೇ ಸ್ಕೂಟರ್ ಹತ್ತಿ ಹೋದ. ಅರ್ಧ ಗಡ್ಡದ ಗಂಡಸರು ಅರ್ಧ ಗಡ್ಡದಲ್ಲೇ ಉಳಿದರು. ಇಂದ್ರಮ್ಮ ಅಟ್ಟದಿಂದ ಅಜ್ಜಿಯ ಕಾಲದ ಕಂಚಿನ ತಟ್ಟೆ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಅದರಲ್ಲಿ ಮುಖ ಕಂಡಿತು, ಮೂಗು ಎಲ್ಲಿ ಅನ್ನುವುದು ಮಾತ್ರ ತಿಳಿಯಲಿಲ್ಲ; ಅಂದಾಜಿನ ಮೇಲೆ ಇಟ್ಟ ಬೊಟ್ಟು ಬಲಹುಬ್ಬಿನ ಮೇಲೆ ಕೂತಿತು. ದ್ಯಾವಯ್ಯ ಕೊಳಗದ ತುಂಬ ನೀರು ತುಂಬಿ, ಅದರ ಮೇಲೆ ಬಗ್ಗಿ ಗಡ್ಡ ಹೆರೆಯುತ್ತಿದ್ದ. ಸೋಪಿನ ನೊರೆ ಬಿದ್ದಾಗಲೆಲ್ಲ ಮುಖ ಮಾಯವಾಗುತ್ತಿತ್ತು, ಕತ್ತಿ ಮಾತ್ರ ನಿಲ್ಲುತ್ತಿರಲಿಲ್ಲ. ಮನುಷ್ಯಕುಲ ಸಾವಿರಾರು ವರ್ಷ ಕಷ್ಟಪಟ್ಟು ನೀರಿನಿಂದ ಕಂಚಿಗೆ, ಕಂಚಿನಿಂದ ಬೆಳ್ಳಿಗೆ ಬಂದ ದಾರಿಯನ್ನು ನಮ್ಮ ಪಾಳ್ಯದ ಮೇಲಿನ ಕೇರಿ ಎರಡೇ ದಿನದಲ್ಲಿ ವಾಪಸು ನಡೆದುಬಿಟ್ಟಿತ್ತು. ಇತಿಹಾಸವನ್ನು ಇಷ್ಟು ಚೆನ್ನಾಗಿ ಪಾಠ ಮಾಡಿದವರು ಬೇರೆ ಯಾರೂ ಇರಲಾರರು.

ಕೆನ್ನೆಗೆ ಮೂರು ಕಡೆ ಕಾಗದದ ಚೂರು ಅಂಟಿಸಿಕೊಂಡ ದ್ಯಾವಯ್ಯ ನಂಜುಂಡನ ಜಗುಲಿಗೆ ಬಂದು ಕೂತ. "ನನ್ನ ಕನ್ನಡಿ ಕೊಡ್ಲಾ. ಹೊಸದ್ಯಾವ್ದೂ ಬ್ಯಾಡ. ಹಳೇದೇ ಕೊಡು."

"ಹಳೇದು ಎಲ್ಲೈತೆ ಅಣ್ಣ, ಕೆರೆದು ಮೋರಿಗೆ ಬಿಟ್ಟಾಯ್ತಲ್ಲ."

"ಹಂಗಾರೆ ಮೋರಿಲೇ ನೋಡ್ಕಳ್ಲಾ ಮುಖವಾ?"

ಪ್ರಶ್ನೆಯಲ್ಲಿ ನ್ಯಾಯವಿತ್ತು. ನಂಜುಂಡ ತನ್ನ ಹೊಸಾ ಕರಿ ಛತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದ. ಹೋದ ವರ್ಷ ಸಕಲೇಶಪುರದಲ್ಲಿ ಕೊಂಡ ಆ ದೊಡ್ಡ ಛತ್ರಿ ಇಲ್ಲದೆ ಅವನು ಎಂದೂ ಗಂಭೀರ ಕೆಲಸಕ್ಕೆ ಹೊರಟವನಲ್ಲ. ಎಸ್‌ಟಿಡಿ ಬೂತಿಗೆ ಹೋಗಿ ಹಾಸನದ ಬೋಧಕರಿಗೆ ಫೋನು ಹಚ್ಚಿದ. ಹಿಂದೆಯೇ ದ್ಯಾವಯ್ಯ, ಅವನ ಹಿಂದೆ ಇಂದ್ರಮ್ಮ, ಅವರ ಹಿಂದೆ ಅರ್ಧ ಗಡ್ಡದವರು.

"ಸಾರ್, ನಾನು ಪಾಳ್ಯದ ನಂಜುಂಡ. ಜನವರಿ ಕನ್ನಡಿ ಬ್ಯಾಚು."

"ನಾವೀಗ ಅಣಬೆಗೆ ಬಂದಿದ್ದೀವಿ ಇವ್ರೇ. ಅಣಬೆ ವಿಚಾರ ಇದ್ರೆ ಕೇಳಿ."

"ಅಣಬೆ ಬ್ಯಾಡ ಸಾರ್. ಮೂರನೇ ದಿನ ನೀವು ಏನು ಹೇಳ್ಕೊಟ್ರಿ, ಅದನ್ನೊಂಚೂರು ಹೇಳ್ಬುಡಿ."

"ಮೂರನೇ ದಿನ... ಮೂರನೇ ದಿನ ಪಲಾವ್ ಮಾಡಿಸಿದ್ವಿ."

"ಊಟ ಅಲ್ಲ ಸಾರ್. ಬೆಳ್ಳಿ! ಬೆಳ್ಳಿ ಕೂರಿಸೋದು!"

"ನೋಡಿ, ಆ ಬೆಳ್ಳಿ ನೀರು ಮೇಲಿನಿಂದ ಸರಬರಾಜು ಆಗ್ಬೇಕಿತ್ತು. ಆಗ್ಲಿಲ್ಲ. ಹಾಗಾಗಿ ಮೂರನೇ ದಿನ ಗ್ರೂಪ್ ಫೋಟೊ ತೆಗೆಸಿ ಕಳಿಸಿದ್ವಿ."

"ಹಂಗಾರೆ ಯಾರ್ಗೂ ಹೇಳ್ಕೊಡ್ಲೇ ಇಲ್ವಾ?"

"ಹೇಗ್ರೀ ಹೇಳ್ಕೊಡ್ಲಿ? ನನಗೆ ಟ್ರೇನಿಂಗ್ ಕೊಟ್ಟಾಗ್ಲೂ ಮೂರನೇ ದಿನ ಫೋಟೊನೇ ತೆಗೆದದ್ದು."

ಫೋನು ಇಟ್ಟ ನಂಜುಂಡನಿಗೆ ಒಂದು ಗಳಿಗೆ ಹಾಯೆನಿಸಿತು. ಬೀಗರೂಟಕ್ಕೆ ಹೋಗಿ ತಾನು ಕಳೆದುಕೊಂಡದ್ದು ಬರೀ ಪಲಾವ್. ಹಿಂತಿರುಗಿ ನೋಡಿದಾಗ ಬೂತಿನ ಗಾಜಿಗೆ ಮೂಗು ಒತ್ತಿಕೊಂಡು ಇಡೀ ಕೇರಿ ನಿಂತಿತ್ತು. ಹಾಯೆನಿಸಿದ್ದು ಹೊರಟುಹೋಯಿತು.

ಆಪತ್ತಿಗೆ ಒದಗಿದವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ರವಿಚಂದ್ರ. ಬೆಳ್ಳಿಯ ಲವಣದ ಒಂದು ಸಣ್ಣ ಸೀಸೆ ಶಾಲೆಯ ಬೀರುವಿನಲ್ಲಿ ವರ್ಷಗಳಿಂದ ಬಿದ್ದಿತ್ತು. "ಪುಸ್ತಕದಲ್ಲಿ ಇದೆ. ಪ್ರನಾಳದ ಒಳಗಡೆ ಬೆಳ್ಳಿ ಕೂರುತ್ತೆ ಅಂತ ಬರೆದಿದ್ದಾರೆ. ನಾನು ಮಾಡಿ ನೋಡಿಲ್ಲ. ಪರೀಕ್ಷೆಗೆ ಬರ್ತಿರಲಿಲ್ಲ, ಹಾಗಾಗಿ ಬಿಟ್ಟುಬಿಡ್ತಿದ್ದೆ" ಅಂದರು. ಪರೀಕ್ಷೆಗೆ ಬರದ್ದು ಜೀವನದಲ್ಲಿ ಬರುತ್ತದೆ ಅನ್ನುವುದು ಮೇಷ್ಟ್ರಿಗೂ ಅಂದೇ ಗೊತ್ತಾದದ್ದು.

ಶುಕ್ರವಾರ ಮಧ್ಯಾಹ್ನ ನಂಜುಂಡನ ಹಿತ್ತಲಲ್ಲಿ ಕೆಲಸ ನಡೆಯಿತು. ಮೇಷ್ಟ್ರು ದೂರ ನಿಂತು ಪುಸ್ತಕ ಓದಿದರು, ನಂಜುಂಡ ಮನೆಯ ಗಾಜಿನ ಲೋಟದಲ್ಲಿ ಕಲಸಿದ. ಬೇಲಿಯ ಸುತ್ತ ಕೇರಿಯವರು ನಿಂತರು.

"ಚರ್ಮಕ್ಕೆ ತಾಗಿಸ್ಕೋಬೇಡಿ" ಅಂತ ಮೇಷ್ಟ್ರು ಓದಿದರು. ಈ ಮಾತು ಪುಸ್ತಕದಲ್ಲಿ ಪಾಠದ ಕೊನೆಗೆ ಇತ್ತು. ಅಷ್ಟರಲ್ಲಿ ನಂಜುಂಡ ಎರಡೂ ಕೈ ಒದ್ದೆ ಮಾಡಿಕೊಂಡು, ಹಣೆಯ ಬೆವರನ್ನು ನಾಲ್ಕು ಬೆರಳಿನಿಂದ ಒರೆಸಿಕೊಂಡಾಗಿತ್ತು. ಲೋಟದ ನೀರನ್ನು ಕಳಸಗನ್ನಡಿಯ ಬೆನ್ನಿಗೆ ಹುಯ್ದ. ಗಾಜಿನ ಮೇಲೆ ಕೆಸರಿನಂಥದ್ದೇನೋ ನಿಂತಿತು. ಎಲ್ಲರೂ ಕಾದರು. ಕೆಸರು ಕೆಸರಾಗಿಯೇ ಇತ್ತು. ಆದರೆ ಖಾಲಿ ಲೋಟವನ್ನು ಎತ್ತಿ ನೋಡಿದರೆ, ಅಬ್ಬಾ! ಒಳಗಡೆಯೆಲ್ಲ ಬೆಳ್ಳಿ ಕೂತು ಲೋಟ ಥಳಥಳ ಹೊಳೆಯುತ್ತಿತ್ತು.

"ಪುಸ್ತಕ ಸರಿಯಾಗೇ ಇದೆ!" ಎಂದು ಮೇಷ್ಟ್ರು ಖುಷಿಪಟ್ಟರು.

"ಸರಿ ಬುಡಿ ಮೇಷ್ಟ್ರೇ. ಕಳಸದ ಮುಂದೆ ಈ ಲೋಟ ಹಿಡ್ಕಂಡು ಹೋಗ್ತೀನಿ" ಅಂದಳು ದ್ರಾಕ್ಷಾಯಣಿ. ಅವಳ ದನಿ ತಣ್ಣಗಿತ್ತು. ಕೂಗಾಡಿದ್ದರೆ ನಂಜುಂಡನಿಗೆ ಧೈರ್ಯವಿರುತ್ತಿತ್ತು.

ಕೆಸರು ಬಲಿತು ಬೆಳ್ಳಿಯಾಗುವುದಕ್ಕೆ ಒಂದು ದಿನವಾದರೂ ಬೇಕು ಅಂತ ನಂಜುಂಡ ತೀರ್ಮಾನಿಸಿ, ಗಾಜಿನ ಮೇಲೆ ಬುಟ್ಟಿ ಮುಚ್ಚಿಟ್ಟ. ಶನಿವಾರ ಬಿಸಿಲೇರುವಷ್ಟರಲ್ಲಿ ಬಲಿತದ್ದು ಬೇರೆ. ಅವನ ಎರಡೂ ಅಂಗೈ ಇದ್ದಲಿನಂತೆ ಕಪ್ಪಾದವು. ಹಣೆಯ ಮೇಲೆ ನಾಲ್ಕು ಬೆರಳಿನ ಅಚ್ಚು ಅಡ್ಡಡ್ಡ ಮೂಡಿತು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು, ಬೂದಿ, ಯಾವುದಕ್ಕೂ ಜಗ್ಗಲಿಲ್ಲ.

"ನಿಜವಾಗ್ಲೂ ಅಷ್ಟು ಕಪ್ಪಾಗೈತಾ? ಒಂದು ಕನ್ನಡಿ ಕೊಡೇ" ಎಂದ ನಂಜುಂಡ, ಅಭ್ಯಾಸಬಲದಿಂದ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಅಂದಳು ದ್ರಾಕ್ಷಾಯಣಿ. ಈ ಗಾದೆ ಇಷ್ಟು ಸರಿಯಾದ ಜಾಗಕ್ಕೆ ಹಿಂದೆಂದೂ ಬಿದ್ದಿರಲಾರದು. "ಹೋಗಿ, ದನ ನೋಡ್ಕಳಿ. ಸಂಜೆ ತಂಕ ಹಿತ್ಲು ಕಡೆ ಬರ್ಬ್ಯಾಡಿ."

ಸಂಜೆ ಅವನು ಬಂದಾಗ ಬುಟ್ಟಿಯ ಕೆಳಗೆ ಗಾಜು ಇರಲಿಲ್ಲ. ಬೀಟೆ ಚೌಕಟ್ಟಿನಲ್ಲಿ ಕೂತು, ಹಿಂದೆ ಹಲಗೆ ಬಡಿಸಿಕೊಂಡು, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕಳಸಗನ್ನಡಿ ದೇವರ ಮುಂದಿತ್ತು. ನಂಜುಂಡ ಹೆದರುತ್ತಾ ಬಗ್ಗಿ ನೋಡಿದ. ಮುಖ ಕಂಡಿತು! ಸ್ವಲ್ಪ ಮಬ್ಬು, ನಿಜ. ಸ್ವಲ್ಪ ಸಂಜೆಗತ್ತಲಿನಲ್ಲಿ ಕಂಡ ಹಾಗೆ. ಆದರೆ ಕಣ್ಣು, ಮೂಗು, ಮೀಸೆ, ಎಲ್ಲವೂ ಅವವುಗಳ ಜಾಗದಲ್ಲಿದ್ದವು. ಹಣೆಯ ಕಪ್ಪು ಕಾಣಲೇ ಇಲ್ಲ.

"ಆಗೈತೆ ಕಣೇ! ನಾನು ಹೇಳ್ಲಿಲ್ವಾ, ಬಲೀಬೇಕು ಅಂತ!"

"ಹೂಂ, ಬಲಿತೈತೆ. ನಾನೇ ತೊಳೆದು ಮೊಳೆ ಹೊಡ್ದಿದ್ದೀನಿ. ಹಿಂದ್ಗಡೆ ಹಲಗೆ ತೆಗೆದೀರಾ, ಕೈ ಮುರೀತೀನಿ."

ನಂಜುಂಡ ತೆಗೆಯಲಿಲ್ಲ. ಗೆದ್ದವನಿಗೆ ಹಿಂದುಗಡೆ ಏನಿದೆ ಅನ್ನುವ ಚಿಂತೆ ಇರುವುದಿಲ್ಲ. ಭಾನುವಾರ ಬೆಳಗ್ಗೆ ಹೊರಡುವಾಗ ದ್ರಾಕ್ಷಾಯಣಿ ಅವನ ಛತ್ರಿಯನ್ನು ಒಂದು ಹೊಸಾ ಬಟ್ಟೆಚೀಲಕ್ಕೆ ಹಾಕಿ, ಬಾಯಿಗೆ ದಾರ ಕಟ್ಟಿ ಕೊಟ್ಟಳು. "ಮದುವೆಮನೇಲಿ ಛತ್ರಿ ಕಳ್ಳತನ ಜಾಸ್ತಿ. ಬಿಚ್ಚಬ್ಯಾಡಿ" ಅಂದಳು. ಛತ್ರಿಗೂ ಅಂಗಿ ಹೊಲಿಸಿಕೊಟ್ಟ ಹೆಂಡತಿಯ ಪ್ರೀತಿಗೆ ನಂಜುಂಡನ ಕಣ್ಣು ಒದ್ದೆಯಾದವು.

ಮದುವೆಗೆ ಇಡೀ ಕೇರಿಗೇ ಕರೆ ಇತ್ತು. ಸಕಲೇಶಪುರದ ಕಲ್ಯಾಣಮಂಟಪಕ್ಕೆ ಪಾಳ್ಯದ ಮೇಲಿನ ಕೇರಿಯವರು ಬಂದಿಳಿದಾಗ ಗಂಡಿನ ಕಡೆಯವರು ಕುರ್ಚಿಯಿಂದ ಎದ್ದು ನಿಂತು ನೋಡಿದರು. ಹೆಂಗಸರಿಗೆಲ್ಲ ಬೊಟ್ಟು ಹುಬ್ಬಿನ ಮೇಲೆ. ಗಂಡಸರಿಗೆಲ್ಲ ಕೆನ್ನೆಯ ಮೇಲೆ ಕಾಗದದ ಚೂರು. ಎಲ್ಲರ ಮುಂದೆ, ಹಣೆಗೆ ನಾಲ್ಕು ಕಪ್ಪು ಪಟ್ಟಿ ಹೊತ್ತ ನಂಜುಂಡ. "ಇದ್ಯಾವ ಒಕ್ಕಲೋ, ಏನು ಪದ್ಧತಿಯೋ" ಎಂದು ಗಂಡಿನ ಸೋದರತ್ತೆ ಕಲ್ಯಾಣಮ್ಮ ಪಕ್ಕದವಳ ಕಿವಿಯಲ್ಲಿ ಅಂದಳು.

ಗುಂಡಯ್ಯ ಓಡಿಬಂದ. "ಹಣೆಗೇನ್ರೀ ಅದು ನಂಜುಂಡಪ್ಪ?"

"ಬೆಳ್ಳಿ ಅಣ್ಣ" ಅಂದ ನಂಜುಂಡ.

"ಬೆಳ್ಳಿ ಇಷ್ಟು ಕಪ್ಪಾ?"

"ಕಲಿತೋರ್ಗೆ ಕಪ್ಪು. ನೋಡೋರ್ಗೆ ಬಿಳುಪು." ತಾನು ಏನು ಹೇಳಿದೆ ಅನ್ನುವುದು ನಂಜುಂಡನಿಗೂ ತಿಳಿಯಲಿಲ್ಲ. ಆದರೆ ಗುಂಡಯ್ಯ ಮೊದಲ ಸಲ ತಿರುಗಿ ತಿವಿಯಲಿಲ್ಲ.

ಸುಲೋಚನಮ್ಮ ಬಾಗಿಲಲ್ಲೇ ತಂಗಿಯ ಕೈಯಿಂದ ಕನ್ನಡಿ ಕಿತ್ತುಕೊಂಡಷ್ಟು ಅವಸರದಲ್ಲಿ ತೆಗೆದುಕೊಂಡಳು. ಮೊದಲು ಮೂಲೆಯ ಮೊಗ್ಗುಗಳನ್ನು ಬೆರಳಿನಿಂದ ಮುಟ್ಟಿದಳು. ನಾಲ್ಕೂ ಇದ್ದವು. ಆಮೇಲೆ ಮುಖ ನೋಡಿದಳು. ಸಿಡುಬಿನ ಕಲೆ ಒಂದೂ ಇರಲಿಲ್ಲ. ಅಷ್ಟೇ ಅಲ್ಲ, ಅವಳ ಕೆನ್ನೆಯ ಮೇಲಿನ ಬಂಗು, ಕಣ್ಣಿನ ಕೆಳಗಿನ ಸುಕ್ಕು, ಎಲ್ಲ ಮಾಯವಾಗಿದ್ದವು. ಸುಲೋಚನಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿಕೊಂಡಳು. ಸೆರಗು ಸರಿಮಾಡಿಕೊಂಡು ಮತ್ತೆ ನೋಡಿಕೊಂಡಳು.

"ಎಲ್ಲಿ, ನಂಗೂ ಕೊಡಿ" ಅಂತ ಕಲ್ಯಾಣಮ್ಮ ಕೈಚಾಚಿದಳು. ನೋಡಿ, "ಅಯ್ಯೋ, ನನ್ನ ಮದುವೆ ದಿನ ಇದ್ದಂಗೇ ಕಾಣ್ತಿದ್ದೀನಲ್ರೀ! ಯಾವೂರಲ್ಲಿ ಮಾಡಿಸಿದ್ರಿ?" ಎಂದು ಕೂಗಿದಳು. ಕನ್ನಡಿ ಗಂಡಿನ ಕಡೆಯ ಹೆಂಗಸರ ಕೈಯಿಂದ ಕೈಗೆ ಹೋಯಿತು. ಮುಹೂರ್ತ ಮೀರುತ್ತೆ ಅಂತ ಪುರೋಹಿತರು ಗದರಿಸಿದ ಮೇಲೆಯೇ ಅದು ಕಳಸದ ತಟ್ಟೆಗೆ ವಾಪಸು ಬಂತು. ಸೌಜನ್ಯ ಅದರಲ್ಲಿ ಮುಖ ನೋಡಿಕೊಂಡು, ತುಟಿಯಂಚಿನಲ್ಲಿ ನಕ್ಕು, ಮಂಟಪ ಹತ್ತಿದಳು.

ಧಾರೆ ಮುಗಿದ ಮೇಲೆ ಬೆಟ್ಟಮ್ಮ ಕನ್ನಡಿಯನ್ನು ತರಿಸಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಮುದುಕಿ ಮುಖ ನೋಡಿಕೊಳ್ಳಲಿಲ್ಲ. ಹಿಂದಿನ ಹಲಗೆಯ ಅಂಚಿನ ಸಂದಿಯಲ್ಲಿ ಉಗುರು ಆಡಿಸಿದಳು, ಏನನ್ನೋ ಎರಡು ಬೆರಳಿನಲ್ಲಿ ತಿಕ್ಕಿ ನೋಡಿದಳು, ಮಗಳ ಮುಖ ನೋಡಿದಳು. ದ್ರಾಕ್ಷಾಯಣಿ ನೆಲ ನೋಡಿದಳು.

"ಸುಲೋಚನಾ, ಈ ಕನ್ನಡಿ ಇನ್ಮೇಲೆ ದ್ರಾಕ್ಷಾಯಣಿ ಮನೇಲೇ ಇರ್ಲಿ. ಕಾಪಾಡೋದು ಅವಳ್ಗೆ ಗೊತ್ತೈತೆ" ಅಂದಳು ಬೆಟ್ಟಮ್ಮ.

ಇದೆಲ್ಲದರ ಕೀರ್ತಿ ಯಾರಿಗೆ ಸಲ್ಲಬೇಕು ಅನ್ನುವುದರಲ್ಲಿ ನಂಜುಂಡನಿಗೆ ಅನುಮಾನವೇ ಇರಲಿಲ್ಲ. ಊಟದ ಪಂಕ್ತಿಯಲ್ಲಿ ಅವನು ಇತಿಹಾಸವನ್ನು ನೀರಿನಿಂದ ಶುರುಮಾಡಿ, ಪಾಯಸದ ಹೊತ್ತಿಗೆ ವೆನಿಸ್ ಮುಟ್ಟಿಸಿದ. ಕೇರಿಯವರಿಗೂ ಮನಸ್ಸು ಕರಗಿತು. "ಮತ್ತೆ ನಮ್ದು ಯಾವಾಗ್ಲಾ?" ಎಂದು ದ್ಯಾವಯ್ಯ ಕೇಳಿದ. "ಒಂದ್ವಾರ. ಹನ್ನೊಂದೂ ಮಾಡ್ಕೊಡ್ತೀನಿ" ಅಂದ ನಂಜುಂಡ. ಗುಂಡಯ್ಯ ಕೂಡ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಅಲ್ಲ, ನಮ್ಮ ಬೀರುಗೊಂದು ಮಾಡ್ಕೊಡಾಕ್ಕಾದೀತಾ?" ಅಂದ. ಹಾಜರಿ ಕೂಗುವ ಆ ಗಂಟಲಿನಿಂದ ಅಷ್ಟು ಮೆತ್ತಗಿನ ಮಾತು ಹೊರಟದ್ದನ್ನು ನಂಜುಂಡ ಇನ್ನೂ ಎರಡು ಸಲ ಹೇಳಿಸಿ ಕೇಳಿದ.

ಬಸ್ಸಿಗೆ ಹೊರಟಾಗ ಸಕಲೇಶಪುರದ ಮಳೆ ಹೇಳದೆ ಕೇಳದೆ ಬಂತು. ಎಲ್ಲರೂ ಕಲ್ಯಾಣಮಂಟಪದ ಮೆಟ್ಟಿಲ ಮೇಲೆ ಗುಂಪಾಗಿ ನಿಂತರು. ಗುಂಡಯ್ಯನ ಹತ್ತಿರ ಛತ್ರಿ ಇರಲಿಲ್ಲ.

"ಬನ್ನಿ ಅಣ್ಣ, ನಾನಿದ್ದೀನಲ್ಲ" ಅಂದ ನಂಜುಂಡ.

"ರೀ, ಬ್ಯಾಡ ಕಣ್ರೀ, ನಿಂತ್ಕಳಿ!" ಎಂದು ದ್ರಾಕ್ಷಾಯಣಿ ಹಿಂದಿನಿಂದ ಕೂಗಿದಳು. ನಂಜುಂಡ ಕೇಳಿಸಿಕೊಳ್ಳಲಿಲ್ಲ. ಅವನು ಗುಂಡಯ್ಯನ ಕಡೆಗೇ ಮುಖ ಮಾಡಿ, ಬೆಳ್ಳಿ ಬಲಿಯುವ ವಿಧಾನ ವಿವರಿಸುತ್ತಾ, ಚೀಲದ ದಾರ ಎಳೆದು, ಛತ್ರಿ ಹೊರತೆಗೆದು, ಷಡ್ಡಕನ ಹೆಗಲ ಮೇಲೆ ಕೈಹಾಕಿ ಮಳೆಗೆ ಇಳಿದು, ಗುಂಡಿ ಒತ್ತಿದ.

ಛತ್ರಿ ಫಟ್ ಅಂತ ತೆರೆದುಕೊಂಡಿತು. ಎಂಟು ಕಡ್ಡಿಗಳು ಅಂದವಾಗಿ ಆಕಾಶಕ್ಕೆ ಹರಡಿಕೊಂಡವು. ಬಟ್ಟೆ ಇರಲಿಲ್ಲ.

ಇಬ್ಬರು ಷಡ್ಡಕರೂ ಕಡ್ಡಿಗಳ ಕೆಳಗೆ ನಿಂತು ತೊಯ್ದರು. ಗುಂಡಯ್ಯ ತಲೆ ಎತ್ತಿ ಮೇಲೆ ನೋಡಿದ. ನಂಜುಂಡನೂ ನೋಡಿದ. ಆಮೇಲೆ ತಿರುಗಿ, ಮೆಟ್ಟಿಲ ಮೇಲೆ ಹೆಂಡತಿಯ ಕೈಯಲ್ಲಿದ್ದ ಕಳಸಗನ್ನಡಿಯನ್ನು ನೋಡಿದ. ಅದರ ಹಿಂದಿನ ಹಲಗೆಯ ಸಂದಿಯಿಂದ ಒಂದು ಎಳೆ ಕರಿ ದಾರ ಇಳಿಬಿದ್ದಿತ್ತು.

"ಬೆಳ್ಳಿ..." ಅಂದ ನಂಜುಂಡ.

"ನಿಮ್ಮ ಬೆಳ್ಳಿ ಶನಿವಾರ ಬೆಳಗ್ಗೆನೇ ತೊಳೆದ್ರೆ ಹೋಗ್ಬುಡ್ತು ಕಣ್ರೀ. ಗಾಜಿನ ಹಿಂದೆ ಕರೀದು ಏನಾದ್ರೂ ಇದ್ರೆ ಮುಖ ಕಾಣುತ್ತೆ ಅಂತ ಎಮ್ಮೆ ಅಡ್ಡ ನಿಂತಾಗ ಗೊತ್ತಾಯ್ತು. ಎಮ್ಮೇನ ಮದುವೆಮನೆಗೆ ತರಾಕ್ಕಾಗುತ್ತಾ?" ದ್ರಾಕ್ಷಾಯಣಿ ಕನ್ನಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮಳೆಗೆ ಇಳಿದು, ಗಂಡನ ಮುಂದೆ ಹಾದು ನಡೆದಳು. "ಅದೇ ನಿಮ್ಮ ಮೂರನೇ ದಿನದ ಪಾಠ. ಈಗ ಕಲಿತ್ಕಂಡ್ರಲ್ಲ? ನಡೀರಿ, ಬಸ್ಸು ಹೋಗುತ್ತೆ."

ಬೆಟ್ಟಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಮೆಟ್ಟಿಲ ಮೇಲೆ ನಿಂತಿದ್ದ ದ್ಯಾವಯ್ಯ ಒಮ್ಮೆ ಆ ಕಡ್ಡಿಗಳನ್ನು ನೋಡಿದ, ಒಮ್ಮೆ ನಂಜುಂಡನನ್ನು ನೋಡಿದ, ತನ್ನ ಛತ್ರಿಯನ್ನು ಬಿಚ್ಚದೆ ಕಂಕುಳಿಗೆ ಬಿಗಿಯಾಗಿ ಅವುಚಿಕೊಂಡು, ಸುರಿಯುವ ಮಳೆಯಲ್ಲೇ ಬಸ್ ನಿಲ್ದಾಣದ ಕಡೆಗೆ ಓಡಿದ.